ರಾಬರ್ಟ್ ಓವೆನ್: ಗಿರಣಿ ನಿಂತ ನಾಲ್ಕು ತಿಂಗಳು

ವ್ಯಾಪಾರದಲ್ಲಿ ಧರ್ಮವೆಲ್ಲಿಯದೆಂದು ಕೇಳುವವರು ನಮ್ಮ ಪೇಟೆಗಳಲ್ಲಿ ಎಂದೂ ಕಡಮೆಯಿಲ್ಲ. ಧರ್ಮವನ್ನು ದೇವಸ್ಥಾನಕ್ಕೂ ಛತ್ರಕ್ಕೂ ಬಿಟ್ಟುಕೊಟ್ಟು, ಗಲ್ಲಾಪೆಟ್ಟಿಗೆಯ ಬಳಿಗೆ ಅದನ್ನು ಸುಳಿಯಗೊಡದೆ, ವರ್ಷಕ್ಕೊಮ್ಮೆ ಸಂತರ್ಪಣೆ ಮಾಡಿಸಿ ಸಮಾಧಾನ ತಂದುಕೊಳ್ಳುವುದು ಉಳ್ಳವರ ವಾಡಿಕೆಯಾಗಿದೆ. ಆದರೆ ಲಾಭ ಕೈಸೇರಿದ ಮೇಲೆ ದಾನಮಾಡುವುದು ಒಂದು. ಆ ಲಾಭವನ್ನು ಗಳಿಸುವ ಹೊತ್ತಿನಲ್ಲಿಯೇ, ಯಾರ ದುಡಿಮೆಯಿಂದ ಎಷ್ಟನ್ನು ಪಡೆಯುವುದು ನ್ಯಾಯವೆಂದು ಯೋಚಿಸುವುದು ಇನ್ನೊಂದು. ಮೊದಲನೆಯದಕ್ಕೆ ಕೀರ್ತಿಯುಂಟು. ಎರಡನೆಯದಕ್ಕೆ ಪಾಲುಗಾರರ ಸಿಟ್ಟು, ಸಮವ್ಯಾಪಾರಿಗಳ ನಗೆ ಇವುಗಳೇ ಬಹುಮಾನ. ಈ ಎರಡನೆಯ ದಾರಿಯನ್ನು ಹಿಡಿದು ನಡೆದ ಒಬ್ಬ ಗಿರಣಿಯ ಯಜಮಾನನ ಜೀವಿತವನ್ನು ಇಂದು ವಾಚಕರ ಮುಂದಿಡುತ್ತೇವೆ. ರಾಬರ್ಟ್ ಓವೆನನ ಹೆಸರನ್ನು ಸಹಕಾರ ಸಂಘಗಳಲ್ಲಿ ದುಡಿದವರು ಆ ಚಳವಳಿಯ ಮೂಲಪುರುಷರಲ್ಲೊಬ್ಬನೆಂದು ಕೇಳಿಬಲ್ಲರು. ನಾವು ಹೇಳಹೊರಟಿರುವುದು ಮುಖ್ಯವಾಗಿ ಆ ಓವೆನನ ಮಾತಲ್ಲ. ಶನಿವಾರ ಬಂದರೆ ಸಾವಿರಾರು ಜನರಿಗೆ ಕೂಲಿ ಕೊಡಬೇಕಾಗಿದ್ದ ಓವೆನನ ಮಾತು.

ವೇಲ್ಸ್ ಪ್ರಾಂತದ ನ್ಯೂಟೌನ್ ಎಂಬ ಚಿಕ್ಕ ಊರಿನಲ್ಲಿ 1771ನೆಯ ಇಸವಿ ಮೇ 14ರಂದು ಅವನು ಹುಟ್ಟಿದನು. ತಂದೆ ಕುದುರೆಯ ಜೀನುಗಳನ್ನೂ ಕಬ್ಬಿಣದ ಸಾಮಾನುಗಳನ್ನೂ ಮಾರುತ್ತ, ಊರಿನ ಅಂಚೆಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದನು. ಹುಡುಗನ ಶಾಲೆಯ ಓದು ಬಹು ಬೇಗನೆ ಮುಗಿಯಿತು. ಹತ್ತನೆಯ ವಯಸ್ಸಿನಲ್ಲಿ ಮನೆಬಿಟ್ಟವನು ಸ್ಟ್ಯಾಂಫರ್ಡ್ ಎಂಬ ಊರಿನ ಜವಳಿ ವರ್ತಕ ಮೆಗಫಾಗನ ಅಂಗಡಿಯಲ್ಲಿ ಕೆಲಸಕ್ಕೆ ನಿಂತನು. ಈ ಮೆಗಫಾಗನು ಎರಡೂವರೆ ಷಿಲ್ಲಿಂಗಿನ ಸರಕನ್ನು ಬುಟ್ಟಿಯಲ್ಲಿಟ್ಟುಕೊಂಡು ಊರೂರು ತಿರುಗಿ ಮಾರಿ ಮೇಲೆ ಬಂದವನು. ಉತ್ತಮವಾದ ಬಟ್ಟೆಯನ್ನಲ್ಲದೆ ಬೇರೆಯದನ್ನು ಇಡುತ್ತಿರಲಿಲ್ಲ; ಹುಡುಗರನ್ನು ಮನೆಯ ಮಕ್ಕಳಂತೆ ನಡೆಸಿಕೊಳ್ಳುತ್ತಿದ್ದನು. ಅಲ್ಲಿಂದ ಓವೆನನು ಲಂಡನ್ ಸೇತುವೆಯ ಬಳಿಯ ಇನ್ನೊಂದು ದೊಡ್ಡ ಅಂಗಡಿಗೆ ವರ್ಷಕ್ಕೆ 25 ಪೌಂಡು ಸಂಬಳದ ಮೇಲೆ ಸೇರಿದನು. ಅಲ್ಲಿ ನಗದು ವ್ಯವಹಾರ, ಪ್ರತಿಯೊಂದಕ್ಕೂ ಗೊತ್ತಾದ ಬೆಲೆ, ಅಲ್ಪ ಲಾಭ. ಗಿರಾಕಿಗೆ ಮೋಸವೆಂಬುದೇ ಇಲ್ಲ. ಆದರೆ ಸುಗ್ಗಿಯ ಕಾಲದಲ್ಲಿ ಅಂಗಡಿಯ ಹುಡುಗರು ಬೆಳಗ್ಗೆ ಎಂಟರಿಂದ ನಡುರಾತ್ರಿ ದಾಟಿ ಎರಡು ಗಂಟೆಯವರೆಗೂ ನಿಂತೇ ಇರಬೇಕಾಗಿತ್ತು. ಮಲಗಲು ಹೋಗುವಾಗ ಮೆಟ್ಟಿಲ ಕೈಪಿಡಿಯನ್ನು ಹಿಡಿದು ಏರುವಷ್ಟು ಆಯಾಸ. ಗಿರಾಕಿಯೊಡನೆ ಪ್ರಾಮಾಣಿಕನಾದವನು ಆಳಿನೊಡನೆಯೂ ಪ್ರಾಮಾಣಿಕನಾಗಿರುವನೆಂಬ ಭರವಸೆಯಿಲ್ಲವೆಂಬ ಪಾಠವು ಆ ಹುಡುಗನಿಗೆ ಎಳೆಯ ವಯಸ್ಸಿನಲ್ಲಿಯೇ ಕಾಲುನೋವಿನ ಮೂಲಕ ತಿಳಿಯಿತು. ತಕ್ಕಡಿಯನ್ನು ಸರಿಯಾಗಿ ಹಿಡಿದೆವೆಂದು ಹೆಮ್ಮೆಪಡುವ ನಮ್ಮ ವರ್ತಕರಲ್ಲಿ ಅನೇಕರು ಇದನ್ನು ಇಂದಿಗೂ ಕಲಿತಿಲ್ಲ.

ಅದು ಇಂಗ್ಲೆಂಡಿನಲ್ಲಿ ನೂಲುವ ಯಂತ್ರಗಳು ಹೊಸದಾಗಿ ತಲೆಯೆತ್ತುತ್ತಿದ್ದ ಕಾಲ. ಮ್ಯಾಂಚೆಸ್ಟರಿಗೆ ಬಂದ ಓವೆನನು ಅಣ್ಣನಿಂದ ನೂರು ಪೌಂಡು ಸಾಲ ತಂದು ಯಂತ್ರಗಳನ್ನು ತಯಾರಿಸುವ ಕಸುಬಿಗೆ ಕೈಹಾಕಿ, ಬಳಿಕ ತಾನೇ ಮೂರು ಯಂತ್ರಗಳನ್ನಿಟ್ಟು ನೂಲತೊಡಗಿದನು. ಡ್ರಿಂಕ್‌ವಾಟರ್ ಎಂಬ ಧನಿಕನು ತನ್ನ ಗಿರಣಿಗೆ ವ್ಯವಸ್ಥಾಪಕನು ಬೇಕೆಂದು ಪ್ರಕಟಿಸಿದಾಗ, ಇಪ್ಪತ್ತು ವರ್ಷದ ಈ ತರುಣನು ಹೋಗಿ ವರ್ಷಕ್ಕೆ 300 ಪೌಂಡು ಕೇಳಿದನು. ಧನಿಕನು ಬೆಚ್ಚಿದನಾದರೂ, ಅವನ ಸ್ವಂತ ಲೆಕ್ಕಪತ್ರಗಳನ್ನು ನೋಡಿ ಒಪ್ಪಿದನು. 500 ಜನ ಕೂಲಿಕಾರರ ಆ ಗಿರಣಿಯಲ್ಲಿ ಓವೆನನು ಆರು ವಾರಗಳ ಕಾಲ ಯಾರಿಗೂ ಒಂದು ಆಜ್ಞೆಯನ್ನೂ ಮಾಡದೆ, ಕೇಳಿದ್ದಕ್ಕೆ ಹೌದು ಅಥವಾ ಇಲ್ಲವೆಂದಷ್ಟೇ ಉತ್ತರಿಸುತ್ತ, ಬೆಳಗಿನಿಂದ ಬೈಗಿನವರೆಗೆ ನೋಡುತ್ತಲೇ ಇದ್ದನು. ಹೊಸ ಹುದ್ದೆಗೆ ಬಂದ ದಿನವೇ ಹತ್ತು ಸುತ್ತೋಲೆ ಹೊರಡಿಸುವ ಅಧಿಕಾರಿಗಳು ಈ ಆರು ವಾರಗಳನ್ನು ನೆನೆಯಬಹುದು.

ಕೆಲಸವು ಹಸನಾಗಿ ನಡೆದುದನ್ನು ಕಂಡು ಡ್ರಿಂಕ್‌ವಾಟರನು ಸಂಬಳವನ್ನು ವರ್ಷವರ್ಷವೂ ಏರಿಸಿ ನಾಲ್ಕನೆಯ ವರ್ಷದಲ್ಲಿ ಪಾಲುಗಾರನನ್ನಾಗಿ ಮಾಡಿಕೊಳ್ಳುವೆನೆಂದು ಕರಾರು ಬರೆದುಕೊಟ್ಟಿದ್ದನು. ಅಷ್ಟರಲ್ಲಿ ಅವನ ಮಗಳನ್ನು ವರಿಸಲು ಮುಂದೆಬಂದ ಇನ್ನೊಬ್ಬ ಉದ್ಯಮಿಯು ವ್ಯವಹಾರವು ಮನೆಯೊಳಗೇ ಉಳಿಯಬೇಕೆಂದು ಬಯಸಿದನು. ಡ್ರಿಂಕ್‌ವಾಟರನು ಓವೆನನನ್ನು ಕರೆಸಿ, ಪಾಲಿನ ಮಾತನ್ನು ಬಿಟ್ಟುಬಿಟ್ಟರೆ ಸಂಬಳವನ್ನು ಮನಬಂದಷ್ಟು ಕೇಳಬಹುದೆಂದನು. ಓವೆನನು ಕರಾರು ಪತ್ರವನ್ನು ಜೇಬಿನಿಂದ ತೆಗೆದು ಒಲೆಯ ಬೆಂಕಿಗೆ ಹಾಕಿ, ತನ್ನನ್ನು ಬಯಸದವರೊಡನೆ ಪಾಲೂ ಬೇಡ, ಮುರಿದ ಮಾತಿನ ಕೆಳಗೆ ನೌಕರಿಯೂ ಬೇಡವೆಂದು ರಾಜೀನಾಮೆ ಕೊಟ್ಟನು. ಕಾಗದವು ಅವನ ಕೈಯಲ್ಲಿದ್ದಿತು; ಅದನ್ನು ಹಿಡಿದು ನ್ಯಾಯಾಲಯಕ್ಕೆ ಹೋಗಬಹುದಾಗಿತ್ತು, ಅಥವಾ ಅದನ್ನೇ ತೋರಿಸಿ ದುಡ್ಡು ಹಿಂಡಬಹುದಾಗಿತ್ತು. ಈ ಒಂದು ಗಳಿಗೆಯ ನಿರ್ಧಾರವನ್ನು ಕೆಲವರು ಯೌವನದ ದುಡುಕೆಂದಾರು. ಮುಂದಿನ ಅವನ ನಡತೆಯನ್ನು ನೋಡಿದರೆ ಅದು ದುಡುಕಲ್ಲವೆಂದು ನಮಗೆ ತೋರುತ್ತದೆ.

ಕೆಲವು ವರ್ಷಗಳ ಬಳಿಕ ವ್ಯಾಪಾರಕ್ಕಾಗಿ ಗ್ಲಾಸ್ಗೋ ನಗರಕ್ಕೆ ಹೋಗಿಬರುತ್ತಿದ್ದಾಗ, ಅಲ್ಲಿಯ ದೊಡ್ಡ ಉದ್ಯಮಿಯಾದ ಡೇವಿಡ್ ಡೇಲನ ಮಗಳು ಕ್ಯಾರೊಲೈನಳ ಪರಿಚಯವಾಯಿತು. ಸ್ಕಾಟ್ಲೆಂಡಿನ ಕ್ಲೈಡ್ ನದಿಯ ಜಲಪಾತಗಳ ಬಳಿ ನ್ಯೂ ಲನಾರ್ಕಿನಲ್ಲಿ ಡೇಲನ ನೂಲಿನ ಗಿರಣಿಗಳಿದ್ದವು. 1799ರಲ್ಲಿ ಓವೆನನೂ ಅವನ ಪಾಲುಗಾರರೂ ಅವನ್ನು 60,000 ಪೌಂಡಿಗೆ, ವರ್ಷಕ್ಕೆ 3,000 ಪೌಂಡಿನಂತೆ ಇಪ್ಪತ್ತು ಕಂತುಗಳಲ್ಲಿ ಸಲ್ಲಿಸುವ ಕರಾರಿನ ಮೇಲೆ ಕೊಂಡರು. ಅದೇ ವರ್ಷ ಮದುವೆಯೂ ಆಯಿತು. 1800ನೆಯ ಇಸವಿಯ ಮೊದಲ ದಿನ ಅವನು ಗಿರಣಿಯ ಆಡಳಿತವನ್ನು ವಹಿಸಿಕೊಂಡನು.

ಅಲ್ಲಿ ಅವನು ಕಂಡುದೇನು? ಅನಾಥಾಲಯಗಳಿಂದ ತಂದ ನಾಲ್ಕುನೂರಕ್ಕೂ ಮೇಲ್ಪಟ್ಟ ಮಕ್ಕಳು. ಐದಾರು ವರ್ಷದವರೂ ಅವರಲ್ಲಿದ್ದರು. ಡೇಲನು ದಯಾಳುವಾಗಿದ್ದು ಅವರಿಗೆ ಒಳ್ಳೆಯ ಅನ್ನ ಬಟ್ಟೆಗಳನ್ನು ಕೊಟ್ಟು, ರಾತ್ರಿ ಶಾಲೆಯನ್ನೂ ಇಟ್ಟಿದ್ದನು. ಆದರೆ ದಿನವಿಡೀ ಯಂತ್ರದ ಮುಂದೆ ನಿಂತ ಮಗುವು ರಾತ್ರಿ ಪುಸ್ತಕದ ಮೇಲೆ ನಿದ್ರಿಸುವುದಲ್ಲದೆ ಮತ್ತೇನು ಮಾಡೀತು! ದೊಡ್ಡವರಲ್ಲಿ ಕುಡಿತವೂ ಕಳವೂ ಹೇರಳವಾಗಿದ್ದವು. ಓವೆನನು ಅನಾಥಾಲಯಗಳಿಂದ ಮಕ್ಕಳನ್ನು ತರುವುದನ್ನು ನಿಲ್ಲಿಸಿದನು. ಹತ್ತು ವರ್ಷಕ್ಕೆ ಕೆಳಗಿನವರಿಗೆ ಗಿರಣಿಯ ಬಾಗಿಲನ್ನು ಮುಚ್ಚುವ ನಿಯಮವನ್ನು ತಂದನು. ಕಳ್ಳರನ್ನು ಸೆರೆಮನೆಗೆ ಕಳುಹಿಸುವ ಬದಲು, ಕಳವು ಕೂಡಲೆ ಬೆಳಕಿಗೆ ಬರುವಂತೆ ಲೆಕ್ಕವನ್ನು ಬಿಗಿಗೊಳಿಸಿದನು. ಊರಿನ ಅಂಗಡಿಯವರು ಹೀನ ಪದಾರ್ಥವನ್ನು ಉದ್ರಿಯಲ್ಲಿ ಹೆಚ್ಚು ಬೆಲೆಗೆ ಕೊಡುತ್ತಿದ್ದುದನ್ನು ಕಂಡು, ಒಳ್ಳೆಯ ಸರಕನ್ನು ಸಗಟಾಗಿ ಕೊಂಡುತಂದು ಅಸಲಿಗಿಂತ ಸ್ವಲ್ಪವೇ ಹೆಚ್ಚಿಗೆ ಮಾರುವ ಅಂಗಡಿಯನ್ನಿಟ್ಟನು. ಬೇರೆ ಗಿರಣಿಗಳಲ್ಲಿ ಯಜಮಾನನ ಅಂಗಡಿಯೆಂದರೆ ಕೊಟ್ಟ ಕೂಲಿಯನ್ನು ಮರಳಿ ಕಸಿದುಕೊಳ್ಳುವ ಉಪಾಯವಾಗಿದ್ದಿತು; ಇಲ್ಲಿಯ ಅಂಗಡಿಯಿಂದ ಬಂದ ಅಲ್ಪ ಲಾಭವು ಕೂಲಿಕಾರರ ಮಕ್ಕಳ ಶಾಲೆಗೆ ಹೋಯಿತು.

ಪ್ರತಿಯೊಬ್ಬ ಕೂಲಿಕಾರನ ಎದುರಿಗೂ ನಾಲ್ಕು ಮುಖಗಳ ಒಂದು ಮರದ ತುಂಡನ್ನು ತೂಗಹಾಕಿಸಿದ್ದನು. ನಿನ್ನೆಯ ನಡತೆ ಕೆಟ್ಟದಾಗಿದ್ದರೆ ಕಪ್ಪು, ಸಾಧಾರಣವಾಗಿದ್ದರೆ ನೀಲಿ, ಒಳ್ಳೆಯದಾಗಿದ್ದರೆ ಹಳದಿ, ಉತ್ತಮವಾಗಿದ್ದರೆ ಬಿಳಿಯ ಮುಖವು ಮುಂದಕ್ಕೆ ತಿರುಗಿರುತ್ತಿತ್ತು. ಓವೆನನು ಆ ಮೂಲಕ ಹಾದುಹೋಗುವಾಗ ಬಣ್ಣವನ್ನು ನೋಡುತ್ತಿದ್ದನೇ ಹೊರತು ಮಾತಾಡುತ್ತಿರಲಿಲ್ಲ. ಬಣ್ಣವು ಅನ್ಯಾಯವೆಂದು ತೋರಿದವನು ನೇರವಾಗಿ ಅವನಲ್ಲಿಗೆ ಬಂದು ದೂರಬಹುದಾಗಿತ್ತು. ಹೊಡೆತ ಬೈಗಳುಗಳಿಗಿಂತ ಇದು ಎಷ್ಟೋ ಮೇಲೆಂಬುದು ನಿಜ. ಆದರೂ ಬೆಳೆದ ಗಂಡಸಿನ ತಲೆಯ ಮೇಲೆ ಅವನ ನಡತೆಯ ಬಣ್ಣವನ್ನು ತೂಗಹಾಕುವುದು ನಮ್ಮ ಮನಸ್ಸಿಗೆ ಪೂರ್ತಿ ಒಗ್ಗುವುದಿಲ್ಲ. ಮೇಸ್ತ್ರಿಗೆ ಮಾತ್ರವಲ್ಲದೆ ಯಜಮಾನನಿಗೂ ಅಂತಹ ಒಂದು ತುಂಡು ಇದ್ದಿದ್ದರೆ ಮಾತು ಬೇರೆ.

ಕೂಲಿಕಾರರು ಮೊದಮೊದಲು ಅವನನ್ನು ನಂಬಲಿಲ್ಲ. ಪರದೇಶದವನು, ಹೊಸ ಯಜಮಾನ. ಇನ್ನಷ್ಟು ಹಿಂಡಲು ಹೊಸ ಹೂಟ ಹೂಡಿದ್ದಾನೆಂದೇ ಅವರು ತಿಳಿದಿದ್ದರು. ಆರೇಳು ವರ್ಷಗಳ ಒಳ್ಳೆಯತನದಿಂದ ಹೋಗದ ಆ ಸಂಶಯವು ಒಂದೇ ಒಂದು ವಿಪತ್ತಿನಿಂದ ಹೋಯಿತು. ಇಂಗ್ಲೆಂಡಿಗೂ ನೆಪೋಲಿಯನ್ನನಿಗೂ ನಡೆಯುತ್ತಿದ್ದ ಯುದ್ಧದಲ್ಲಿ ತನ್ನ ಹಡಗುಗಳಿಗೆ ಆಗುತ್ತಿದ್ದ ತೊಂದರೆಯನ್ನು ಸಹಿಸದೆ ಅಮೆರಿಕವು 1807ರ ಕೊನೆಯಲ್ಲಿ ಹೊರದೇಶಗಳಿಗೆ ಸರಕು ಸಾಗಿಸುವುದನ್ನೇ ನಿಷೇಧಿಸಿತು. ಹತ್ತಿಯ ಬೆಲೆ ಒಮ್ಮೆಲೆ ಏರಿತು. ಆ ಬೆಲೆಗೆ ಹತ್ತಿ ಕೊಂಡು ನೂಲು ತೆಗೆದರೆ, ಬೆಲೆ ಇಳಿದ ದಿನ ಗಿರಣಿಯೇ ಮುಳುಗುವ ಭಯ. ಅನೇಕ ಯಜಮಾನರು ಬಾಗಿಲು ಮುಚ್ಚಿ ಕೂಲಿಕಾರರನ್ನು ಬೀದಿಗೆ ಕಳುಹಿಸಿದರು. ಕಾನೂನು ಅದನ್ನು ತಡೆಯುತ್ತಿರಲಿಲ್ಲ, ಲೋಕವೂ ತಪ್ಪೆನ್ನುತ್ತಿರಲಿಲ್ಲ.

ಓವೆನನೂ ಯಂತ್ರಗಳನ್ನು ನಿಲ್ಲಿಸಿದನು. ಆದರೆ ಒಬ್ಬನನ್ನೂ ಕಳುಹಿಸಲಿಲ್ಲ. ಯಂತ್ರಗಳನ್ನು ಒರೆಸಿ ಎಣ್ಣೆಹಚ್ಚಿ ಸುಸ್ಥಿತಿಯಲ್ಲಿಡುವುದಷ್ಟೇ ಕೆಲಸವೆಂದು ಹೇಳಿ, ನಾಲ್ಕು ತಿಂಗಳ ಕಾಲ ಎಲ್ಲರಿಗೂ ಪೂರ್ತಿ ಕೂಲಿಯನ್ನು ಒಂದು ಕಾಸೂ ಕಳೆಯದೆ ಕೊಟ್ಟನು. ಅದರ ಮೊತ್ತ 7,000 ಪೌಂಡಿಗೂ ಮಿಕ್ಕಿತು. ಕೂಲಿ ಕೊಡುವ ಸ್ಥಾನದಲ್ಲಿ ಒಂದು ವಾರವಾದರೂ ಕುಳಿತವರಿಗೆ ಈ ನಾಲ್ಕು ತಿಂಗಳೆಂದರೇನೆಂಬುದು ತಿಳಿದೀತು. ಕಾಗದದ ಸರಬರಾಜು ನಿಂತ ವಾರ ನಮ್ಮಂತಹ ಸಣ್ಣ ಪತ್ರಿಕೆಯವನ ಕಣ್ಣೂ ಮೊದಲು ಓಡುವುದು ಅಚ್ಚುಕೂಟದವರ ಸಂಬಳದ ಪಟ್ಟಿಯ ಕಡೆಗೇ ಎಂಬುದನ್ನು ಮರೆಮಾಚುವುದರಿಂದ ಪ್ರಯೋಜನವಿಲ್ಲ. ಒಳ್ಳೆಯ ಕಾಲದಲ್ಲಿ ಯಂತ್ರವನ್ನೂ ಮನುಷ್ಯನನ್ನೂ ಒಂದೇ ಸಮನಾಗಿ ದುಡಿಸಿಕೊಂಡವರು, ಕೆಟ್ಟ ಕಾಲದಲ್ಲಿ ಯಂತ್ರಕ್ಕೆ ಎಣ್ಣೆ ಹಾಕಿಸಿ ಮನುಷ್ಯನನ್ನು ಹಸಿಯಬಿಡುವುದು ಯಾವ ಲೆಕ್ಕವೆಂಬುದೇ ಓವೆನನ ವಾದವಾಗಿದ್ದಿತು.

ಇಲ್ಲಿ ಒಂದು ಕಠಿಣ ಪ್ರಶ್ನೆಯುಂಟು. ಅವನನ್ನು ಹೊಗಳುವವರು ಇದನ್ನು ದಾಟಿಹೋಗುತ್ತಾರೆ. ಆ 7,000 ಪೌಂಡು ಯಾರದು? ಓವೆನನೊಬ್ಬನದಲ್ಲ, ಪಾಲುಗಾರರದೂ ಹೌದು. ಪರರ ಹಣದಿಂದ ಧರ್ಮಿಷ್ಠನೆನಿಸಿಕೊಳ್ಳುವುದು ಸುಲಭ. ಬಂಡವಲ ಹಾಕಿದವನು ನಂಬಿ ಕೊಟ್ಟ ಹಣವೂ ಒಂದು ನ್ಯಾಸವೇ. ಪಾಲುಗಾರರು ಶಾಲೆಗಾಗಿ, ಮನೆಗಳಿಗಾಗಿ ಅವನು ಮಾಡಲಿದ್ದ ವೆಚ್ಚವನ್ನು ಆಕ್ಷೇಪಿಸಿದಾಗ ಅವರೆಲ್ಲರೂ ಲೋಭಿಗಳೆಂದು ತಳ್ಳಿಹಾಕುವುದು ಸಲ್ಲದು. ಓವೆನನ ದೊಡ್ಡತನವು ಈ ಆಕ್ಷೇಪಕ್ಕೆ ಅವನು ಕೊಟ್ಟ ಉತ್ತರದಲ್ಲಿದೆಯೆಂದು ನಮ್ಮ ಭಾವನೆ. ಅವನು ಲೆಕ್ಕವನ್ನು ಮುಚ್ಚಿಟ್ಟು ವೆಚ್ಚಮಾಡಲಿಲ್ಲ. 1809ರಲ್ಲಿ ಗಿರಣಿಗೆ 84,000 ಪೌಂಡು ಬೆಲೆ ಕಟ್ಟಿ, ಈ ಬೆಲೆಗೆ ನೀವು ಕೊಳ್ಳಿರಿ ಇಲ್ಲವೆ ನನಗೆ ಕೊಡಿರಿ ಎಂದನು. ಅವರು ಕೊಟ್ಟರು. ಹೊಸ ಪಾಲುಗಾರರನ್ನು ಹುಡುಕಿದನು. ಅವರೂ ಅದೇ ಆಕ್ಷೇಪವನ್ನು ಇನ್ನಷ್ಟು ಕಟುವಾಗಿ ಎತ್ತಿದರು.

ಆಗ ಅವನು ಲಂಡನ್ನಿಗೆ ಹೋಗಿ ಹೊಸ ಬಗೆಯ ಪಾಲುಗಾರರನ್ನು ಅರಸಿದನು. ಬಂಡವಲಕ್ಕೆ ನೂರಕ್ಕೆ ಐದರಂತೆ ಮಾತ್ರ ಪ್ರತಿಫಲ. ಅದಕ್ಕೆ ಮೇಲ್ಪಟ್ಟುದೆಲ್ಲ ಕೂಲಿಕಾರರ ಮತ್ತು ಅವರ ಮಕ್ಕಳ ಹಿತಕ್ಕೆ. ಇದಕ್ಕೆ ಮೊದಲೇ ಒಪ್ಪಿದವರಷ್ಟೇ ಬರಬಹುದು. ಬಂದವರಲ್ಲಿ ಕ್ವೇಕರ್ ಪಂಥದ ವಿಲಿಯಂ ಅಲೆನ್ನನೂ, ಪ್ರಸಿದ್ಧ ತತ್ತ್ವಜ್ಞನಾದ ಜೆರೆಮಿ ಬೆಂಥಾಮನೂ ಇದ್ದರು. ಇತ್ತ ಹಳೆಯ ಪಾಲುಗಾರರು, ಓವೆನನ ಹುಚ್ಚಿನಿಂದ ಗಿರಣಿಯು ಹಾಳಾಗಿದೆ, ಅದೀಗ 40,000 ಪೌಂಡೂ ಬಾಳದೆಂದು ಗ್ಲಾಸ್ಗೋವಿನಲ್ಲೆಲ್ಲ ಸುದ್ದಿ ಹಬ್ಬಿಸಿ, ಹರಾಜಿನಲ್ಲಿ ಅಗ್ಗವಾಗಿ ಹೊಡೆದುಕೊಳ್ಳಲು ಹೊಂಚಿದ್ದರು. ಹರಾಜನ್ನು 60,000ದಿಂದ ಆರಂಭಿಸೋಣವೆಂದು ಓವೆನನು ಸೂಚಿಸಿದರೆ ಅವರು ಒಪ್ಪಲಿಲ್ಲ. 1813ರ ಡಿಸೆಂಬರಿನಲ್ಲಿ ಹರಾಜು ನಡೆಯಿತು. ಅವರು ಏರಿಸುತ್ತ ಹೋದಂತೆ ಓವೆನನ ಕಡೆಯವನು ಪ್ರತಿಸಲವೂ ನೂರು ಪೌಂಡು ಮಾತ್ರ ಹೆಚ್ಚಿಸುತ್ತ ಹೋದನು. ಕೊನೆಗೆ 1,14,100 ಪೌಂಡಿಗೆ ಗಿರಣಿ ಓವೆನನದಾಯಿತು. 40,000 ಬಾಳದೆಂದವರೇ 1,14,000ದವರೆಗೆ ಕೂಗಿದ್ದರು! ಆ ನಾಲ್ಕು ವರ್ಷಗಳ ಲೆಕ್ಕವನ್ನು ಮುಗಿಸಿ ನೋಡಿದಾಗ ಬಂಡವಲಕ್ಕೆ ನೂರಕ್ಕೆ ಐದರ ಬಡ್ಡಿ ಕಳೆದು 1,60,000 ಪೌಂಡು ಲಾಭ ನಿಂತಿದ್ದಿತು. ಕೂಲಿಕಾರರು ಮನೆಗಳಿಗೆ ದೀಪ ಹಚ್ಚಿ, ಊರಿನ ಹೊರಗೆ ಓವೆನನ ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ಎಳೆದುಕೊಂಡು ಬಂದರು.

ಹೊಸ ಒಪ್ಪಂದದ ಫಲವಾಗಿ 1816ರ ಮೊದಲ ದಿನ ನ್ಯೂ ಲನಾರ್ಕಿನ ವಿದ್ಯಾಸಂಸ್ಥೆಯು ತೆರೆಯಿತು. ನಡೆಯಬಲ್ಲ ಮಗುವಿಗೂ ಅಲ್ಲಿ ಸ್ಥಳವಿದ್ದಿತು, ಹೊಡೆಯುವುದು ನಿಷಿದ್ಧ, ಹಾಡು, ಕುಣಿತ, ಭೂಪಟ, ಪ್ರಾಣಿಗಳ ಚಿತ್ರಗಳು ಇವುಗಳಿಂದ ಪಾಠ. ಗಿರಣಿಯ ದುಡಿತವು ದಿನಕ್ಕೆ ಹತ್ತೂಮುಕ್ಕಾಲು ಗಂಟೆಗೆ ಇಳಿಯಿತು. ಯುರೋಪಿನ ರಾಜಪುರುಷರು ಈ ಊರನ್ನು ನೋಡಲು ಬರತೊಡಗಿದರು. ಮುಂದೆ ರಷ್ಯದ ಚಕ್ರವರ್ತಿಯಾದ ನಿಕೊಲಾಸನೂ ಅವರಲ್ಲೊಬ್ಬ.

ತನ್ನ ಗಿರಣಿಯಲ್ಲಿ ಸಾಧ್ಯವಾದುದು ಎಲ್ಲ ಗಿರಣಿಗಳಲ್ಲಿಯೂ ಸಾಧ್ಯವೆಂದು ನಂಬಿ ಅವನು 1815ರಲ್ಲಿ ಗ್ಲಾಸ್ಗೋವಿನಲ್ಲಿ ಗಿರಣಿಯ ಯಜಮಾನರ ಸಭೆಯನ್ನು ಕೂಡಿಸಿದನು. ಹತ್ತಿಯ ಮೇಲಿನ ಸುಂಕವನ್ನು ತೆಗೆಯುವಂತೆ ಸರಕಾರವನ್ನು ಬೇಡಬೇಕೆಂಬ ಅವನ ಮೊದಲನೆಯ ನಿರ್ಣಯವು ಒಮ್ಮತದಿಂದ ಸ್ವೀಕೃತವಾಯಿತು. ಮಕ್ಕಳ ದುಡಿತದ ಗಂಟೆಗಳನ್ನು ಕಡಮೆ ಮಾಡಬೇಕೆಂಬ ಎರಡನೆಯ ನಿರ್ಣಯಕ್ಕೆ ಅನುಮೋದಕರೇ ಸಿಕ್ಕಲಿಲ್ಲ. ಇಡೀ ಸಭೆಯಲ್ಲಿ ಒಬ್ಬನೂ ಇಲ್ಲ! ಪಾರ್ಲಿಮೆಂಟಿನ ಸಮಿತಿಯ ಮುಂದೆ ಅವನು ಸಾಕ್ಷ್ಯ ಹೇಳಲು ಹೋದಾಗ, ಅವನ ಊರಿಗೇ ಜನರನ್ನು ಕಳುಹಿಸಿ ಅವನ ಮೇಲೆ ಕೊರೆ ಹುಡುಕಿಸಿದರು. 1819ರಲ್ಲಿ ಶಾಸನವೇನೋ ಆಯಿತು. ಆದರೆ ಹತ್ತಿಯ ಗಿರಣಿಗಳಿಗೆ ಮಾತ್ರ, ಒಂಬತ್ತು ವರ್ಷಕ್ಕೆ ಮೇಲ್ಪಟ್ಟ ಮಕ್ಕಳಿಗೆ ಹನ್ನೆರಡು ಗಂಟೆ ದುಡಿತ, ನೋಡಿಕೊಳ್ಳಲು ಸಂಬಳದ ಅಧಿಕಾರಿಯೊಬ್ಬನೂ ಇಲ್ಲ. ಓವೆನನಿಗೆ ಇದು ತನ್ನ ಮಸೂದೆಯ ಹೆಣದಂತೆ ಕಂಡಿತು.

ಅವನ ಕೊರತೆಗಳನ್ನೂ ಹೇಳದಿದ್ದರೆ ಇದು ಚರಿತ್ರೆಯಾಗದೆ ಸ್ತೋತ್ರವಾದೀತು. ನ್ಯೂ ಲನಾರ್ಕಿನ ಕೂಲಿಯ ದರವು ಇತರ ಗಿರಣಿಗಳಿಗಿಂತ ಹೆಚ್ಚಾಗಿರಲಿಲ್ಲ. ಅಲ್ಲಿಗೆ ಬರುತ್ತಿದ್ದ ಅಮೆರಿಕದ ಹತ್ತಿಯನ್ನು ಬಿಡಿಸಿದ ಕೈಗಳು ಗುಲಾಮರವು. ತನ್ನ ಊರಿನ ಮಕ್ಕಳಿಗಾಗಿ ಕರಗಿದವನು ಆ ಹತ್ತಿಯನ್ನು ಕೊಳ್ಳುತ್ತಲೇ ಹೋದನು. ಇಂಗ್ಲೆಂಡ್ ಸ್ಕಾಟ್ಲೆಂಡುಗಳ ಯಂತ್ರದ ನೂಲು ನಮ್ಮ ದೇಶದಲ್ಲಿ ಎಷ್ಟು ಮನೆಗಳ ರಾಟೆಯನ್ನು ನಿಲ್ಲಿಸಿತೆಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇವೆಲ್ಲಕ್ಕಿಂತ ಆಳವಾದ ಕೊರತೆ ಇನ್ನೊಂದು: ಕೂಲಿಕಾರರಿಗೆ ಯಾವುದು ಹಿತವೆಂಬುದನ್ನು ಅವನು ತಾನೇ ನಿರ್ಧರಿಸಿದನು, ಅವರನ್ನು ಕೇಳಲಿಲ್ಲ. ಅವರು ತಿಂಗಳ ಲೆಕ್ಕವನ್ನು ನೋಡಲಿಲ್ಲ, ಸಭೆಯಲ್ಲಿ ಕೈಯೆತ್ತಲಿಲ್ಲ. ಒಳ್ಳೆಯ ಅರಸನ ರಾಜ್ಯವೂ ಅರಸನ ರಾಜ್ಯವೇ; ಪರರ ಆಳ್ವಿಕೆಯನ್ನು ಉಂಡ ನಮ್ಮ ದೇಶಕ್ಕೆ ಈ ಭೇದವು ಚೆನ್ನಾಗಿ ಗೊತ್ತು.

ಮತದ ಉಪದೇಶ, ಮಕ್ಕಳ ಕುಣಿತ, ಉಡುಪು ಇವುಗಳ ಬಗೆಗೆ ಅಲೆನ್ನನೊಡನೆ ಭಿನ್ನಾಭಿಪ್ರಾಯ ಬೆಳೆದು 1828ರ ಹೊತ್ತಿಗೆ ಓವೆನನು ನ್ಯೂ ಲನಾರ್ಕಿನ ಸಂಬಂಧವನ್ನು ಕಡಿದುಕೊಂಡನು. ಅದಕ್ಕೆ ಮುಂಚೆಯೇ, 1825ರಲ್ಲಿ, ಅಮೆರಿಕದ ಇಂಡಿಯಾನಾ ಪ್ರಾಂತದಲ್ಲಿ ಒಂದು ಊರನ್ನೇ ಕೊಂಡು, ನ್ಯೂ ಹಾರ್ಮನಿಯೆಂದು ಹೆಸರಿಟ್ಟು, ಸೊತ್ತೆಲ್ಲ ಎಲ್ಲರದಾಗಿರುವ ಸಮಾಜವನ್ನು ಕಟ್ಟಹೊರಟಿದ್ದನು. ಬಂದವರಲ್ಲಿ ಮಾತುಗಾರರು ಹೆಚ್ಚು, ನೇಗಿಲು ಹಿಡಿಯುವವರು ಕಡಮೆ. ಎರಡು ವರ್ಷಗಳಲ್ಲಿ ಎಲ್ಲವೂ ಮುಗಿಯಿತು. ಅವನ ಆಸ್ತಿಯ ಬಹುಪಾಲೂ ಹೋಯಿತು. ಈ ಸಲ ಕಳೆದುದು ಅವನ ಸ್ವಂತ ಹಣ. ಪಾಲುಗಾರರ ದೂರಿಗೆ ಎಡೆಯಿರಲಿಲ್ಲ. ಉಳಿದ ಆಯುಷ್ಯವನ್ನು ಅವನು ಮಕ್ಕಳು ಕೊಟ್ಟ ವರ್ಷಾಶನದ ಮೇಲೆ, ಸಭೆ ಉಪನ್ಯಾಸಗಳಲ್ಲಿ ಕಳೆದನು.

ಅವನು ಕೇಳದೆ ಬಿಟ್ಟುದನ್ನು ಇತರರು ತಾವಾಗಿಯೇ ಕೈಗೆತ್ತಿಕೊಂಡರು. 1844ರಲ್ಲಿ ಲಂಕಾಷೈರಿನ ರಾಚ್‌ಡೇಲ್ ಊರಿನ ಕೆಲವು ಬಡ ನೇಕಾರರೂ ಇತರ ಕಸುಬಿನವರೂ ಪುಡಿಗಾಸು ಕೂಡಿಸಿ ಒಂದು ಅಂಗಡಿಯನ್ನು ತೆರೆದರು. ಕಲಬೆರಕೆಯಿಲ್ಲದ ಹಿಟ್ಟು ಬೆಣ್ಣೆ ಸಕ್ಕರೆಗಳು, ಸರಿಯಾದ ತೂಕ, ಉಳಿದ ಲಾಭವು ಕೊಂಡವರಿಗೇ ಕೊಂಡಷ್ಟರ ಪ್ರಮಾಣದಲ್ಲಿ. ಸದಸ್ಯನೊಬ್ಬನಿಗೆ ಒಂದೇ ಮತ. ಅವರಲ್ಲಿ ಹಲವರು ಓವೆನನ ಅನುಯಾಯಿಗಳು. ಆದರೆ ಅಲ್ಲಿ ಯಜಮಾನನೆಂಬವನೇ ಇರಲಿಲ್ಲ. ಸಹಕಾರದ ಈ ದಾರಿಯು ಹಲವು ಕವಲುಗಳಾಗಿ ಲೋಕವನ್ನೆಲ್ಲ ಹಬ್ಬಿ, 1905ರಲ್ಲಿ ನಮ್ಮ ಗದಗಿನ ಬಳಿಯ ಕಣಗಿನಹಾಳಕ್ಕೂ ಬಂದುದು ವಾಚಕರಿಗೆ ತಿಳಿದ ವಿಷಯ.

1858ರಲ್ಲಿ, ಎಂಬತ್ತೇಳರ ಮುಪ್ಪಿನಲ್ಲಿ, ಲಿವರ್‌ಪೂಲಿನ ಒಂದು ಸಮ್ಮೇಳನದಲ್ಲಿ ಮಾತಾಡಲು ಎದ್ದು ನಿತ್ರಾಣನಾಗಿ ಬಿದ್ದವನು, ತನ್ನನ್ನು ಹುಟ್ಟೂರಿಗೆ ಕರೆದೊಯ್ಯುವಂತೆ ಬೇಡಿದನು. ನವೆಂಬರ್ 17ರಂದು ನ್ಯೂಟೌನಿನಲ್ಲಿ, ತಾನು ಹುಟ್ಟಿದ ಮನೆಯ ಸಮೀಪದಲ್ಲಿಯೇ ಪ್ರಾಣಬಿಟ್ಟನು. ತಂದೆತಾಯಿಗಳ ಗೋರಿಯ ಪಕ್ಕದಲ್ಲಿ ಅವನನ್ನು ಹೂಳಿದರು. ನ್ಯೂ ಲನಾರ್ಕಿನ ಯಂತ್ರಗಳು 1968ರವರೆಗೂ ತಿರುಗುತ್ತಿದ್ದವು. 2001ರಲ್ಲಿ ಆ ಊರು ವಿಶ್ವಪರಂಪರೆಯ ಸ್ಥಳಗಳ ಪಟ್ಟಿಗೆ ಸೇರಿತು. ಸಾಯುವ ಹಿಂದಿನ ವರ್ಷ ಅವನು ಆತ್ಮಚರಿತ್ರೆಯ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದ್ದನು. ಗಿರಣಿ ನಿಂತ ಆ ನಾಲ್ಕು ತಿಂಗಳ ಕೂಲಿಯ ಮೊತ್ತವನ್ನು, ಐವತ್ತು ವರ್ಷಗಳ ಮೇಲೆಯೂ, ಅದರಲ್ಲಿ ಮರೆಯದೆ ಬರೆದಿಟ್ಟಿದ್ದಾನೆ.